ಹವಳದ ಕುಡಿ, ಸುಣ್ಣದ ತಿಳಿನೀರು

ಹವಳವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಅಜ್ಜಿಯ ಸರದೊಳಗಿನ ಕೆಂಪು ಮಣಿ. ಗ್ರಹಗತಿ ನೋಡುವವರು ಅದನ್ನು ಬೆರಳಿಗೂ ತೊಡಿಸುತ್ತಾರೆ. ಶರಣರು ಇಂತಹ ನಂಬುಗೆಗಳನ್ನು ಬದಿಗೆ ಸರಿಸಿ ಎಂಟುನೂರು ವರ್ಷಗಳು ಸಂದರೂ ಆ ಉಂಗುರ ನಮ್ಮವರ ಕೈಗಳಿಂದ ಪೂರ್ತಿ ಮರೆಯಾಗಿಲ್ಲ. ಅದಿರಲಿ. ಆ ಮಣಿ ಒಂದು ಕಾಲಕ್ಕೆ ಸಮುದ್ರದ ಪ್ರಾಣಿಯೊಂದರ ಎಲುಬಾಗಿತ್ತೆಂಬ ಸಂಗತಿ ಮಾತ್ರ ಬಹಳ ಮಂದಿಗೆ ಹೊಳೆಯುವುದಿಲ್ಲ.

ದಾವಣಗೆರೆಯ ಶರಣೆಯೊಬ್ಬರು ಬರೆದ ಪತ್ರ ಈ ವಿಚಾರವನ್ನು ನಮ್ಮ ಮುಂದಿಟ್ಟಿದೆ. ಅವರ ಮಗ ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಮನೆಯಲ್ಲಿ ಇನ್ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳಗಳನ್ನು ಸಾಕಿದ್ದಾನೆ. ಆ ಊರಿನಲ್ಲಿ ಇದೇ ಹವ್ಯಾಸದ ಹತ್ತಾರು ಜನರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಹವಳದ ಕೊಂಬೆಗಳನ್ನು ಮುರಿದು ಪರಸ್ಪರ ಹಂಚಿಕೊಳ್ಳುತ್ತಾರಂತೆ. ಬರುವ ವರ್ಷ ಬೆಂಗಳೂರಿಗೆ ಮರಳುವಾಗ ಒಂದೆರಡು ಕುಡಿಗಳನ್ನು ತರುವ ಆಸೆ ಆತನದು. "ಪ್ರಾಣಿಯನ್ನು ಹೀಗೆ ಮನೆಯೊಳಗೆ ಇಡುವುದು ನಮ್ಮ ಆಚಾರಕ್ಕೆ ಒಪ್ಪುತ್ತದೆಯೇ? ಮುರಿದರೆ ಅದಕ್ಕೆ ನೋವಾಗದೇ?" ಎಂದು ಆ ತಾಯಿ ಕೇಳಿದ್ದಾರೆ.

ಮೊದಲು ಹವಳವೆಂಬುದು ಏನೆಂದು ತಿಳಿಯೋಣ. ಅದು ನೋಡುವುದಕ್ಕೆ ಸ್ಥಾವರ, ಒಳಗೆ ಜಂಗಮ. ಕಲ್ಲಿನಂತೆ ಕಾಣುವ ಕೊಂಬೆಯ ಮೇಲೆಲ್ಲ ಸಾಸಿವೆ ಗಾತ್ರದ ನೂರಾರು ಜೀವಿಗಳು ಒಂದಕ್ಕೊಂದು ಕೂಡಿಕೊಂಡು ಬದುಕುತ್ತವೆ. ಪ್ರತಿಯೊಂದಕ್ಕೂ ಒಂದು ಬಾಯಿ, ಸುತ್ತ ಎಳೆಎಳೆಯಾದ ತೋಳುಗಳು. ಇವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಬಡಿಸುತ್ತದೆ. ಹವಳ ಅದಕ್ಕೆ ಆಶ್ರಯ ಕೊಡುತ್ತದೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ಹವಳವು ತನ್ನ ಅಡಿಯಲ್ಲಿ ಕಲ್ಲಿನ ಮನೆ ಕಟ್ಟುತ್ತ ಹೋಗುತ್ತದೆ. ಹವಳಕ್ಕೆ ನರಗಳ ಬಲೆಯುಂಟು, ಮೆದುಳಿಲ್ಲ. ಕೊಂಬೆ ಹವಳಗಳು ಬಿರುಗಾಳಿಗೆ ಮುರಿದು ಬಿದ್ದಲ್ಲಿ ಮತ್ತೆ ಬೇರೂರಿ ಬೆಳೆಯುವುದು ಸಮುದ್ರದಲ್ಲಿಯೂ ಸಹಜ. ಆದಕಾರಣ ಕುಡಿ ಮುರಿಯುವುದನ್ನು ಹಿಂಸೆಯೆನ್ನಲು ನಮ್ಮ ಮನಸ್ಸು ಒಪ್ಪದು. ದಾಸವಾಳದ ಕಡ್ಡಿ ಮುರಿದು ನೆಡುವುದಕ್ಕೆ ಅದು ಹೆಚ್ಚು ಹತ್ತಿರ.

ಮನೆಯೊಳಗೆ ಹವಳ ಬೆಳೆಸುವ ವಿದ್ಯೆ ಸುಲಭವಾಗಿ ಸಿದ್ಧಿಸಿದ್ದಲ್ಲ. ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ತಮ್ಮ ಕ್ರಮವನ್ನು ಪ್ರಕಟಿಸಿದರು. ಸಮುದ್ರದಿಂದ ಸೂಕ್ಷ್ಮಜೀವಿಗಳು ಮನೆಮಾಡಿದ ಬಂಡೆಯ ತುಂಡುಗಳನ್ನು ತಂದು ತೊಟ್ಟಿಯಲ್ಲಿಟ್ಟು ಗಾಳಿಯ ಗುಳ್ಳೆ ಹಾಯಿಸುವುದು, ಇಷ್ಟೇ. ನೀರನ್ನು ಶುದ್ಧವಾಗಿಡುವ ಕೆಲಸವನ್ನು ಆ ಬಂಡೆಯೇ ಮಾಡುತ್ತಿತ್ತು. ಆದರೆ ಅವರ ಮನೆ ಸಮುದ್ರದ ಸಮೀಪ. ಸಮುದ್ರದಿಂದ ದೂರದಲ್ಲಿರುವವರ ಪಾಡೇನು?

ಈ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು ಬರ್ಲಿನ್ ನಗರದಿಂದ. ಹವಳ ಬೆಳೆಯುವ ಬಿಸಿ ಸಮುದ್ರ ಆ ಊರಿಗೆ ಸಾವಿರಾರು ಕಿಲೋಮೀಟರು ದೂರ. ನಗರವು ಗೋಡೆಯಿಂದ ಇಬ್ಭಾಗವಾಗಿದ್ದ 1980ರ ದಶಕದಲ್ಲಿ ಅಲ್ಲಿನ ಹವ್ಯಾಸಿಗಳು ಜೀವಂತ ಬಂಡೆಯ ಜೊತೆಗೆ ಪ್ರಖರವಾದ ದೀಪಗಳನ್ನೂ, ನೊರೆ ತೆಗೆಯುವ ಯಂತ್ರವನ್ನೂ ಜೋಡಿಸಿದರು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆದ್ದ ಕಲ್ಮಷವನ್ನು ಜಾಲರಿಯಿಂದ ತೆಗೆದೆಸೆಯುವುದನ್ನು ಕಂಡವರಿಗೆ ಆ ಯಂತ್ರದ ಮರ್ಮ ಬೇರೆ ಹೇಳಬೇಕಿಲ್ಲ. ಗುಳ್ಳೆಗಳಿಗೆ ಅಂಟಿದ ಕೊಳೆ ನೊರೆಯಾಗಿ ಮೇಲೇರಿ ಬಟ್ಟಲಿಗೆ ಬೀಳುತ್ತದೆ.

ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಸುಣ್ಣದ ಉಪಾಯ. ಹವಳ ಬೆಳೆದಂತೆಲ್ಲ ನೀರಿನಲ್ಲಿನ ಸುಣ್ಣದ ಅಂಶ ತೀರುತ್ತದೆ; ಸಮುದ್ರದಲ್ಲಿ ಅದು ಲೀಟರಿಗೆ ಸುಮಾರು 400 ಮಿಲಿಗ್ರಾಂ ಇರುತ್ತದೆ, ತೊಟ್ಟಿಯಲ್ಲಿ ದಿನದಿನಕ್ಕೆ ಇಳಿಯುತ್ತದೆ. ಪೀಟರ್ ವಿಲ್ಕೆನ್ಸ್ ಎಂಬವರು 1970ರ ದಶಕದಲ್ಲಿ ತೋರಿದ ದಾರಿ ನಮ್ಮ ಅಡುಗೆಮನೆಯವರಿಗೂ ಅರ್ಥವಾಗುವಂತಹುದು. ಸುಣ್ಣವನ್ನು ನೀರಿನಲ್ಲಿ ಕಲಸಿ, ತಳಕ್ಕಿಳಿದ ಗಸಿಯನ್ನು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ರಾತ್ರಿಯೆಲ್ಲ ತೊಟ್ಟಿಗೆ ಹನಿಹನಿಯಾಗಿ ಬಿಡುವುದು. ಆವಿಯಾಗಿ ಹೋದ ನೀರಿನ ಬದಲು ಇದನ್ನೇ ಸೇರಿಸುವುದರಿಂದ ಎರಡೂ ಕೆಲಸ ಕೂಡಿಬರುತ್ತವೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಉಪ್ಪುನೀರನ್ನೇ ಮತ್ತೆ ಸುರಿದರೆ ಜೀವಿಗಳು ಉಳಿಯಲಾರವು. ತಿಳಿಯ ಕ್ಷಾರ ತೀಕ್ಷ್ಣವಾದುದು, ಅವಸರದಿಂದ ಒಮ್ಮೆಲೆ ಸುರಿದರೂ ಅಪಾಯವೇ. ಬೆಳಗಿನ ಪೂಜೆಯಷ್ಟೇ ನಿಷ್ಠೆಯಿಂದ ಈ ಕೆಲಸ ನಡೆಯಬೇಕಾಗುತ್ತದೆ; ಎರಡು ದಿನ ಮರೆತರೆ ಹವಳವೇ ಲೆಕ್ಕ ಒಪ್ಪಿಸುತ್ತದೆ.

ಬರ್ಲಿನ್ನಿನ ಡೀಟ್ರಿಶ್ ಸ್ಟ್ಯೂಬರ್ ಎಂಬ ಹವ್ಯಾಸಿಯ ತೊಟ್ಟಿಯಲ್ಲಿ ಅಕ್ರೊಪೊರಾ ಜಾತಿಯ ಕೊಂಬೆ ಹವಳವೊಂದು ಸೊಂಪಾಗಿ ಬೆಳೆಯಿತು. ಅದನ್ನು ಮನೆಯಲ್ಲಿ ಬೆಳೆಸುವುದೇ ಅಸಾಧ್ಯವೆಂದು ಬಹಳ ಮಂದಿ ನಂಬಿದ್ದ ಕಾಲವದು. ಅವರು ಅದನ್ನು ಬಚ್ಚಿಡಲಿಲ್ಲ. ಕುಡಿಗಳನ್ನು ಮುರಿದು ಜೊತೆಗಾರರಿಗೆ ಹಂಚಿದರು. ಪಡೆದವರು ಬೆಳೆಸಿ ಇತರರಿಗೆ ಕೊಟ್ಟರು. ಆ ಹವಳ ಗಡಿಗಳನ್ನು ದಾಟಿ ದೂರದ ದೇಶಗಳಿಗೂ ಹೋಯಿತು. ಹವ್ಯಾಸಿಗಳು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಕುಡಿಯೊಡೆದು ಬೆಳೆದ ತುಂಡುಗಳೆಲ್ಲವೂ ಮೂಲ ಹವಳದ್ದೇ ಮೈ, ಬೇರೆ ಸಂತಾನವಲ್ಲ. ಒಂದೇ ಜೀವ ನೂರು ಮನೆಗಳಲ್ಲಿ ಬಾಳುತ್ತಿದೆಯೆನ್ನಬಹುದು. ಒಬ್ಬರ ಮನೆಯಲ್ಲಿ ವಿದ್ಯುತ್ತು ಹೋಗಿ ತೊಟ್ಟಿಯೆಲ್ಲ ಹಾಳಾದರೆ, ಹಿಂದೊಮ್ಮೆ ಕೊಟ್ಟ ಕುಡಿ ಮತ್ತೊಬ್ಬರ ಮನೆಯಿಂದ ಮರಳಿ ಬರುತ್ತದೆ. ದಾಸೋಹವೆಂಬ ಮಾತು ಅವರ ಕಿವಿಗೆ ಬಿದ್ದಿರಲಾರದು. ನಡೆ ಮಾತ್ರ ಅದರದೇ ಎಂದು ನಮಗೆ ತೋರುತ್ತದೆ. ಇದರಿಂದ ಸಮುದ್ರಕ್ಕೂ ಉಪಕಾರವಾಯಿತು, ಏಕೆಂದರೆ ಪಕ್ಕದ ಮನೆಯಲ್ಲಿ ಕುಡಿ ದೊರೆಯುವಾಗ ಬಂಡೆಸಾಲಿನಿಂದ ಕಿತ್ತುತಂದ ಹವಳವನ್ನು ಕೊಳ್ಳುವ ಅಗತ್ಯವಿಲ್ಲ.

ಹಾಗೆಂದು ಈ ಹವ್ಯಾಸವೆಲ್ಲ ನಿರ್ಮಲವೆಂದು ನಾವು ಹೇಳುತ್ತಿಲ್ಲ. ಅಂಗಡಿಗೆ ಬರುವ ಬಣ್ಣದ ಮೀನುಗಳನ್ನು ಹಿಡಿಯಲು ಫಿಲಿಪ್ಪೀನ್ಸಿನ ಸಮುದ್ರದಲ್ಲಿ 1960ರ ದಶಕದಿಂದ ಸಯನೈಡ್ ವಿಷ ಸಿಂಪಡಿಸಿದ ಚರಿತ್ರೆಯೂ ಇದಕ್ಕೆ ಅಂಟಿಕೊಂಡಿದೆ.

ಆ ತಾಯಿ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ನಮ್ಮ ದೃಷ್ಟಿಯಲ್ಲಿ ಅದೇ ಮುಖ್ಯವಾದುದು. ಜರ್ಮನಿಯಲ್ಲಿ ನ್ಯಾಯವಾದುದು ಇಲ್ಲಿ ಅಪರಾಧ. ಭಾರತ ಸರಕಾರ 2001ರಲ್ಲಿ ಎಲ್ಲ ಕಲ್ಲುಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿ, ಆನೆಗಳ ಹೆಸರಿರುವ ಪಟ್ಟಿಯೇ ಅದು. ಅದನ್ನು ಮೀರಿದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಗಡಿ ದಾಟಿಸುವುದಕ್ಕೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಅನುಮತಿ ಬೇಕು. "ನಾನೇ ಬೆಳೆಸಿದ್ದು, ಸಮುದ್ರದಿಂದ ಕಿತ್ತದ್ದಲ್ಲ" ಎಂಬ ಮಾತನ್ನು ನಂಬಿ ವಿಮಾನ ನಿಲ್ದಾಣದಲ್ಲಿ ಯಾರೂ ಬಿಡುವುದಿಲ್ಲ. ಬಿಡಲೂ ಬಾರದು, ಕಿತ್ತು ತಂದವನೂ ಅದೇ ಮಾತನ್ನು ಹೇಳುತ್ತಾನೆ. ಆದ್ದರಿಂದ ಮಗನು ಹೊರಡುವ ಮುನ್ನ ತನ್ನ ಹವಳಗಳನ್ನೆಲ್ಲ ಆ ಊರಿನ ಜೊತೆಗಾರರ ಮನೆಗಳಿಗೆ ಒಪ್ಪಿಸಿ ಬರಲಿ. ಪಡೆದದ್ದು ಅವರಿಂದಲೇ ಅಲ್ಲವೇ?

ಆತ ಕಲಿತ ವಿದ್ಯೆ ಇಲ್ಲಿ ವ್ಯರ್ಥವಾದೀತೆಂದು ಆ ತಾಯಿ ಮರುಗಬೇಕಿಲ್ಲ. ನೀರು ಅತಿಯಾಗಿ ಬಿಸಿಯಾದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ, ಹಾಗೆಯೇ ಮುಂದುವರಿದರೆ ಹಸಿವಿನಿಂದ ಸಾಯುತ್ತದೆ. ನಮ್ಮ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಗಿದೆ. ಅಮೆರಿಕದ ಫ್ಲಾರಿಡಾದಲ್ಲಿ 2023ರ ಬೇಸಿಗೆಯಲ್ಲಿ ಸಮುದ್ರ ಕುದಿಯತೊಡಗಿದಾಗ, ಕಡಲಿನ ಪಾಲನಾ ತಾಣಗಳಲ್ಲಿದ್ದ ಸಾವಿರಾರು ಹವಳದ ಕುಡಿಗಳನ್ನು ದಡದ ಮೇಲಿನ ತೊಟ್ಟಿಗಳಿಗೆ ಸಾಗಿಸಿ ಉಳಿಸಿಕೊಂಡರು. ಕುಡಿ ಮುರಿದು ಅಂಟಿಸುವ, ನೀರಿನ ಹದ ಕಾಯುವ ಇದೇ ಕೆಲಸ ಅಲ್ಲಿ ಕೈಹಿಡಿಯಿತು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿಯೂ ತೂತ್ತುಕುಡಿಯ ಸಂಶೋಧಕರು ಅನುಮತಿ ಪಡೆದು ಹವಳದ ಕುಡಿಗಳನ್ನು ನೆಡುತ್ತ ಬಂದಿದ್ದಾರೆ. ಇನ್ನು ಹವಳವನ್ನು ಕಣ್ಣಾರೆ ಕಾಣಬೇಕೆಂದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಬಹುದು. ಮುಟ್ಟದೆ ನೋಡಿ ಬರಬೇಕು.

ಅಷ್ಟಾದರೂ ಮನೆಯಲ್ಲಿ ಕಡಲ ತೊಟ್ಟಿ ಬೇಕೆನ್ನುವವರಿಗೆ ಕೋಡಂಗಿ ಮೀನು ತಕ್ಕುದು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಹಾಗೆ ಹುಟ್ಟಿದ ಮರಿಯನ್ನೇ ಕೇಳಿ ಕೊಳ್ಳಬೇಕು. ನೀರಿಗೆ ಲೀಟರಿಗೆ 35 ಗ್ರಾಂನಂತೆ ಸಮುದ್ರದ ಉಪ್ಪಿನ ಮಿಶ್ರಣ ಬೇಕು, ಅಡುಗೆಯ ಉಪ್ಪು ಆಗದು. ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಈ ಮೀನಿನ ಕಾಳಿನಲ್ಲಿ ಮೀನಿನ ಪುಡಿ ಬೆರೆತಿರುತ್ತದೆ, ಕೆಲವರು ಸಿಗಡಿಯನ್ನೂ ಹಾಕುತ್ತಾರೆ. ಬರಿಯ ಸೊಪ್ಪಿನ ಮೇಲೆ ಅದು ಬಾಳದು. ನಮ್ಮ ಮನೆಗಳಲ್ಲಿ ಆ ಡಬ್ಬಿಯನ್ನು ಎಲ್ಲಿಡುವುದು, ಯಾರು ಮುಟ್ಟುವುದು ಎಂಬ ಮಾತು ಬಂದೇ ಬರುತ್ತದೆ. ಹಿರಿಯರ ಮನಸ್ಸಿಗೆ ಅದು ಒಗ್ಗದಿದ್ದರೆ ತೊಟ್ಟಿ ತರುವ ಮೊದಲೇ ಮಾತಾಡಿ ಮುಗಿಸಿಕೊಳ್ಳುವುದು ಲೇಸು, ಏಕೆಂದರೆ ಆ ಮೀನು ಹತ್ತು ವರ್ಷಕ್ಕೂ ಮಿಕ್ಕಿ ಬಾಳಬಲ್ಲುದು.