ಪೊಟ್ಟಣದ ಬಣ್ಣ ಮತ್ತು ಪೊಟ್ಟಣದ ಬರಹ

ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆಗಳಲ್ಲಿ ಬೆಳಗಿನ ಹೊತ್ತು ಹಾಲಿನ ಬೂತಿನ ಮುಂದೆ ನಿಂತರೆ 'ಟೋನ್ಡ್ ಹಾಲು ಕೊಡಿ' ಎನ್ನುವವರು ವಿರಳ. 'ನೀಲಿ ಪ್ಯಾಕೆಟ್ ಎರಡು ಕೊಡಪ್ಪ' ಎನ್ನುವವರೇ ಅಧಿಕ. ಅಕ್ಷರ ಬಾರದ ಅಜ್ಜಿಯರೂ ನಂದಿನಿ ಹಾಲನ್ನು ಬಣ್ಣದಿಂದಲೇ ಗುರುತಿಸಬಲ್ಲರು. ಓದಲಾರದವರಿಗೂ ವಿಷಯ ತಿಳಿಸುವ ಇಂತಹ ಏರ್ಪಾಡು ಶ್ಲಾಘನೀಯವೇ ಸರಿ. ಆದರೆ ಬಣ್ಣವೊಂದನ್ನೇ ನಂಬಿ ನಡೆಯಬಹುದೇ ಎಂಬುದನ್ನು ಗೃಹಿಣಿಯರು ವಿಚಾರಿಸಬೇಕೆಂದು ನಾವು ಬಯಸುತ್ತೇವೆ.

ಸಸ್ಯಾಹಾರವನ್ನು ನಿಷ್ಠೆಯಿಂದ ಪಾಲಿಸುವ ನಮ್ಮ ಮನೆಗಳಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಹುಡುಕುವುದು ಮಕ್ಕಳಿಗೂ ರೂಢಿಯಾಗಿದೆ. ಮಾಂಸಾಹಾರದ ಗುರುತು ಮೊದಲು ಕಂದು ಚುಕ್ಕೆಯಾಗಿತ್ತು. ಹಸಿರು ಮತ್ತು ಕಂದು ಬಣ್ಣಗಳನ್ನು ಬೇರ್ಪಡಿಸಿ ಕಾಣಲಾರದ ದೃಷ್ಟಿದೋಷವುಳ್ಳವರಿಗೆ ಎರಡೂ ಒಂದೇ ಆಗಿ ತೋರುತ್ತಿದ್ದವು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಆ ಚುಕ್ಕೆಯ ಸ್ಥಾನದಲ್ಲಿ ಕಂದು ತ್ರಿಕೋನವನ್ನು ತಂದುವು. ಈಗ ಬಣ್ಣ ತಿಳಿಯದಿದ್ದರೂ ಆಕಾರ ತಿಳಿಯುತ್ತದೆ.

ಹಸಿರೆಂದರೆ ನಿಶ್ಚಿಂತೆ ಎಂಬ ಇದೇ ಪಾಠ ಹೊಲದ ಮನೆಯಲ್ಲಿ ಅಪಾಯಕ್ಕೆ ಎಡೆಗೊಡಬಹುದು. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ದ್ರಾಕ್ಷಿ ತೋಟದವರ ಮನೆಗಳಲ್ಲಿ ಕೀಟನಾಶಕದ ಬಾಟಲಿಗಳು ಇದ್ದೇ ಇರುತ್ತವೆ. ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕವೊಂದು ಇರುತ್ತದೆ. ಅದರ ಕೆಳಭಾಗದ ಬಣ್ಣ ವಿಷದ ತೀವ್ರತೆಯನ್ನು ಸೂಚಿಸುತ್ತದೆ. ಕೆಂಪು ಅತ್ಯಂತ ಘೋರ. ಅದರ ನಂತರ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಇಲ್ಲಿ ಹಸಿರೂ ವಿಷವೇ, ತೀವ್ರತೆ ಮಾತ್ರ ಕಡಿಮೆ. ಹಾಲಿನ ನೀಲಿಯನ್ನೂ ಬಿಸ್ಕತ್ತಿನ ಹಸಿರನ್ನೂ ಬಲ್ಲ ಮಗುವಿಗೆ ಈ ಭೇದವನ್ನು ಯಾರು ಹೇಳಬೇಕು? ಉಳಿದ ಔಷಧಿಯನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದಿಡುವ ಅಭ್ಯಾಸವಂತೂ ಇನ್ನೂ ಘಾತುಕ. ಆಗ ಚೌಕವೂ ಇಲ್ಲ, ಬರಹವೂ ಇಲ್ಲ. ಪಾನೀಯದ ಚಿತ್ರವೊಂದೇ ಉಳಿಯುತ್ತದೆ.

ಬಣ್ಣ ಎಂದಿಗೂ ಹೇಳಲಾರದ ಸಂಗತಿಯೆಂದರೆ ಅಳತೆ. ವಾಂತಿ ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ಪುಡಿಯನ್ನು ನೋಡೋಣ. ಸುಮಾರು 21 ಗ್ರಾಂ ತೂಕದ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಸುಮಾರು 4 ಗ್ರಾಂ ತೂಕದ ಸಣ್ಣ ಪೊಟ್ಟಣ 200 ಮಿಲಿಲೀಟರಿಗೆ. ಸಣ್ಣದನ್ನು ಬಳಸಿ ಅಭ್ಯಾಸವಾದ ತಾಯಿ ದೊಡ್ಡದನ್ನೂ ಒಂದೇ ಲೋಟಕ್ಕೆ ಸುರಿದರೆ ದ್ರಾವಣ ಐದು ಪಟ್ಟು ಗಾಢವಾಗುತ್ತದೆ. ಅದರಿಂದ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರಿ, ಜೀವ ಉಳಿಸಬೇಕಾದ ಮದ್ದೇ ಜೀವಕ್ಕೆ ಎರವಾದೀತು. ನೀರು ಅತಿಯಾದರೆ ಮದ್ದಿನ ಗುಣ ಕುಗ್ಗುತ್ತದೆ. ಆದ್ದರಿಂದ ಇಡೀ ಪೊಟ್ಟಣವನ್ನು ಒಮ್ಮೆಗೇ, ಅದರ ಮೇಲೆ ಹೇಳಿದಷ್ಟೇ ಶುದ್ಧ ನೀರಿಗೆ ಹಾಕಿ ಕರಗಿಸಬೇಕು. ಸಕ್ಕರೆ, ಹಾಲು, ಹಣ್ಣಿನ ರಸ ಬೆರೆಸಬಾರದು. ಮನೆಯಲ್ಲಿ ಒಂದು ಲೀಟರಿನ ನೀರಿನ ಬಾಟಲಿ ಇದ್ದರೆ ಅದೇ ಸುಲಭವಾದ ಅಳತೆ. 24 ಗಂಟೆ ಕಳೆದ ದ್ರಾವಣವನ್ನು ಚೆಲ್ಲಿಬಿಡಬೇಕು. ಹೆಸರಿನಲ್ಲಿ ಈ ಅಕ್ಷರಗಳನ್ನು ಸೇರಿಸಿಕೊಂಡು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ತಡೆ ಹಾಕಿತು. ಬಹಳ ಹಿಂದೆಯೇ ಆಗಬೇಕಾಗಿದ್ದ ಕಾರ್ಯವದು.

ಇಷ್ಟು ಮುಖ್ಯವಾದ ಮಾತು ಯಾವ ಭಾಷೆಯಲ್ಲಿದೆ? ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಬೇರೆ ಭಾಷೆಯನ್ನು ಸೇರಿಸುವುದು ತಯಾರಕರ ಇಚ್ಛೆ. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಈ ಕೊರತೆಯನ್ನು ನೀಗಲು ಹೊರಟಿದೆ. ರಾಜ್ಯದಲ್ಲಿ ತಯಾರಾದ ವಸ್ತುಗಳ ಹೆಸರು ಹಾಗೂ ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು 2025ರ ಆರಂಭದಲ್ಲಿ ಸರ್ಕಾರದ ಆದೇಶವೂ ಹೊರಟಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳ ಕಾರ್ಖಾನೆಗಳ ನೆರೆಯಲ್ಲೇ ಬಾಳುವ ನಮಗೆ ಇದು ಸಂತೋಷದ ಸುದ್ದಿ. ಆದರೆ ಹೊರರಾಜ್ಯಗಳಲ್ಲಿ ತಯಾರಾಗಿ ಬರುವ ಪೊಟ್ಟಣಗಳಿಗೆ ಈ ಮಾತು ತಾಗುವುದಿಲ್ಲ. ಅಂಥವು ಮನೆಗೆ ಬಂದಾಗ ಇಂಗ್ಲಿಷ್ ಓದುವ ಮಕ್ಕಳಿಂದ ಸೂಚನೆಯನ್ನು ಪೂರ್ತಿ ಓದಿಸಿ ಅಜ್ಜಿಗೆ ಹೇಳಿಸಿರಿ; ಓಆರ್‌ಎಸ್ ಪೊಟ್ಟಣದ ಮೇಲೆ 'ಒಂದು ಲೀಟರ್' ಅಥವಾ '200 ಮಿಲಿ, ಒಂದು ಲೋಟ' ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಿ, ಮದ್ದಿನ ಪೆಟ್ಟಿಗೆಯಲ್ಲಿ ಮೇಲೆಯೇ ಇಡಿಸಿರಿ.