ಗಿಡಮೂಲಿಕೆ ಡಬ್ಬಿಯೊಳಗಿನ ಕೂಡುಲೆಕ್ಕ

2003ರ ಫೆಬ್ರುವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಬೇಸ್‌ಬಾಲ್ ತಂಡದ ಅಭ್ಯಾಸ ನಡೆದಿತ್ತು. ಓಡುತ್ತಿದ್ದ 23 ವರ್ಷದ ಪಿಚರ್ ಸ್ಟೀವ್ ಬೆಕ್ಲರ್ ಕುಸಿದುಬಿದ್ದರು. ಮೈಯ ಶಾಖ 108 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿತ್ತು. ಮರುದಿನ ತೀರಿಕೊಂಡರು. ತೂಕ ಇಳಿಸಲು ಅವರು ನುಂಗುತ್ತಿದ್ದ ಮಾತ್ರೆಯಲ್ಲಿ ಎಫೆಡ್ರಾ ಗಿಡದ ಸಾರವೂ ಕೆಫೀನೂ ಒಟ್ಟಿಗಿದ್ದವು. ಜೊತೆಗೆ ಅರೆಹೊಟ್ಟೆ, ತುಸು ಹೆಚ್ಚಿದ್ದ ರಕ್ತದೊತ್ತಡ, ಸೆಕೆ.

ಎಫೆಡ್ರಾ ಚೀನಾದ ವೈದ್ಯರು ಶತಮಾನಗಳಿಂದ ದಮ್ಮು, ನೆಗಡಿಗೆ ಕೊಡುತ್ತ ಬಂದ ಗಿಡ. ಅದರ ಜಾತಿಯೊಂದು ನಮ್ಮ ಹಿಮಾಲಯದಲ್ಲೂ ಬೆಳೆಯುತ್ತದೆ. ಹಾಗಾದರೆ ಎಡವಟ್ಟಾದದ್ದೆಲ್ಲಿ? ಬೆರಕೆಯಲ್ಲಿ. ಎಫೆಡ್ರಾದಲ್ಲಿರುವ ಎಫೆಡ್ರಿನ್ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಹೊರಡಿಸುತ್ತದೆ. ಹೃದಯದ ಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ಈ ಉದ್ರೇಕವನ್ನು ತಗ್ಗಿಸಲು ದೇಹದಲ್ಲೇ ಇರುವ ಏರ್ಪಾಡನ್ನು ಕೆಫೀನ್ ತಡೆಹಿಡಿಯುತ್ತದೆ. ಒಂದು ಆಕ್ಸಿಲರೇಟರ್ ಒತ್ತುತ್ತಿದ್ದರೆ ಇನ್ನೊಂದು ಬ್ರೇಕಿನ ತಂತಿ ಕತ್ತರಿಸಿದಂತೆ. ಕ್ರೀಡಾಪಟುವಿಗೆ ಇದು ಇಮ್ಮಡಿ ಅಪಾಯ: ಓಟದಿಂದ ಒಳಗೆ ಶಾಖ ಹುಟ್ಟುತ್ತಲೇ ಇರುತ್ತದೆ, ಅದನ್ನು ಹೊರಹಾಕಬೇಕಾದ ಚರ್ಮದ ರಕ್ತನಾಳಗಳೋ ಬಿಗಿದುಕೊಂಡಿರುತ್ತವೆ. ದಣಿವಿನ ಅರಿವೂ ಮಂಕಾಗಿರುವುದರಿಂದ ನಿಲ್ಲಬೇಕೆಂದು ಅನ್ನಿಸುವುದಿಲ್ಲ.

2004ರಲ್ಲಿ ಅಮೆರಿಕ ಎಫೆಡ್ರಾ ಪೂರಕಗಳನ್ನು ನಿಷೇಧಿಸಿತು. ಮಾರುಕಟ್ಟೆ ಸುಮ್ಮನಿರಲಿಲ್ಲ. ‘ಎಫೆಡ್ರಾ ರಹಿತ’ ಎಂಬ ಚೀಟಿಯ ಹಿಂದೆ ಕಹಿಕಿತ್ತಳೆಯ ಸಿನೆಫ್ರಿನ್ ಬಂತು, ಆಫ್ರಿಕಾದ ಮರದ ತೊಗಟೆಯ ಯೋಹಿಂಬಿನ್ ಬಂತು. ಇವೂ ಅದೇ ನರವ್ಯೂಹವನ್ನು ಕೆಣಕುವಂಥವು.

ವರ್ಕೌಟ್‌ಗೆ ಮುಂಚೆ ಕುಡಿಯುವ ಇಂಥ ಪುಡಿಯ ಡಬ್ಬಿ ತಿರುಗಿಸಿ ನೋಡಿ. ಕೆಫೀನ್, ಗ್ವಾರಾನಾ ಬೀಜ, ಗ್ರೀನ್ ಟೀ ಸಾರ, ಕೋಲಾ ಕಾಯಿ ಎಂದು ನಾಲ್ಕು ಹೆಸರು ಸಾಲಾಗಿರಬಹುದು. ನಾಲ್ಕರಲ್ಲೂ ಇರುವುದು ಕೆಫೀನೇ. ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಬರೆದು ಎಲ್ಲಕ್ಕೂ ಸೇರಿ ಒಂದೇ ತೂಕ ಕೊಟ್ಟಿದ್ದರೆ ಯಾವುದು ಎಷ್ಟು ಎಂದು ವೈದ್ಯರಿಗೂ ತಿಳಿಯದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಒಂದು ಬಾರಿಗೆ 200 ಮಿಲಿಗ್ರಾಂ ಕೆಫೀನ್ ಮೀರಬಾರದು ಎನ್ನುತ್ತದೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ. ಡಬ್ಬಿಯ ಮೇಲೆ ಒಟ್ಟು ಮೊತ್ತವೇ ಇಲ್ಲದಿದ್ದರೆ ಈ ಮಿತಿಯನ್ನು ಪಾಲಿಸುವುದಾದರೂ ಹೇಗೆ? ಮೇಲೆ ಎರಡು ಲೋಟ ಫಿಲ್ಟರ್ ಕಾಫಿ, ನೆಗಡಿಯ ಮಾತ್ರೆ ಬೇರೆ.

ನಮ್ಮವರೂ ಇದಕ್ಕೆ ಬೆಲೆ ತೆತ್ತಿದ್ದಾರೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ ಭಾರತದ ಹಲವು ಕುಸ್ತಿಪಟುಗಳು, ಈಜುಪಟುಗಳು ಮೀಥೈಲ್‌ಹೆಕ್ಸಾನಮೈನ್ ಎಂಬ ಉತ್ತೇಜಕಕ್ಕೆ ಸಿಕ್ಕಿಬಿದ್ದರು. ಜೆರೇನಿಯಂ ಗಿಡದ ಎಣ್ಣೆಯ ಅಂಶವೆಂದು ಪೂರಕಗಳಲ್ಲಿ ಮಾರಾಟವಾಗುತ್ತಿದ್ದದ್ದು ಇದೇ ರಾಸಾಯನಿಕ. ಮರುವರ್ಷ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಸೇರಿ ಆರು ಓಟಗಾರ್ತಿಯರ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಕಂಡಿತು. ಕೋಚ್ ಕೊಟ್ಟ ಚೀನಾದ ಜಿನ್ಸೆಂಗ್‌ನಿಂದ ಬಂದದ್ದೆಂದು ಅವರು ವಾದಿಸಿದರು. ದೇಶದೊಳಗೆ ಒಂದು ವರ್ಷವಿದ್ದ ಶಿಕ್ಷೆಯನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರಲ್ಲಿ ಎರಡಕ್ಕೆ ಏರಿಸಿತು. ಕೊಟ್ಟವರು ಯಾರೇ ಇರಲಿ, ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ ಎನ್ನುವುದು ಡೋಪಿಂಗ್ ನಿಯಮ.

ಹೊಣೆಯೆಲ್ಲ ಇಪ್ಪತ್ತರ ಹರೆಯದವರ ಹೆಗಲಿಗೆ, ಮಾಹಿತಿಯೆಲ್ಲ ತಯಾರಕರ ಬಳಿ ಎಂಬ ಈ ಹಂಚಿಕೆ ಅನ್ಯಾಯದ್ದು. ಯಾವ ಮೂಲಿಕೆಯಿಂದ ಬಂದರೂ ಉತ್ತೇಜಕಗಳ ಪ್ರತ್ಯೇಕ ಪ್ರಮಾಣ ಮತ್ತು ಒಟ್ಟು ಕೆಫೀನ್ ಎಷ್ಟೆಂದು ಮಿಲಿಗ್ರಾಂ ಲೆಕ್ಕದಲ್ಲಿ ಡಬ್ಬಿಯ ಮೇಲೆ ಅಚ್ಚಾಗಬೇಕು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನು ಕಟ್ಟುನಿಟ್ಟಾಗಿ ಜಾರಿಮಾಡಲಿ. ಎದೆಬಡಿತವೆಂದು ಬಂದ ಹುಡುಗನನ್ನು ‘ಯಾವ ಮಾತ್ರೆ ತಗೋತೀಯ’ ಎಂದಷ್ಟೇ ವೈದ್ಯರು ಕೇಳಿದರೆ ಸಾಲದು, ಯಾವ ಪುಡಿ ಎಂದೂ ಕೇಳಲಿ. ಗಿಡಮೂಲಿಕೆಯನ್ನು ಔಷಧವೆಂದು ಎಣಿಸದ ಹುಡುಗ ತಾನಾಗಿ ಅದನ್ನು ಹೇಳುವುದಿಲ್ಲ.