ಬಟ್ಟೆ ಒಣಗಿಸೋಕೆ ಎಲ್ಲರ ತಾರಸಿ, ಸೋರಿದಾಗ ನನ್ನ ಸೂರು

ಪೋಸ್ಟು ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ. ಸಾಲ ಮಾಡಿ ಫ್ಲ್ಯಾಟ್ ತಗೊಂಡಿರೋರು ಮಾತ್ರ ತಪ್ಪದೆ ಓದಿ.

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸಭೆ ಇತ್ತು. ಬೆಂಗಳೂರಿನ ಸಾಧಾರಣ ಕಟ್ಟಡ ನಮ್ಮದು. ಕೆಳಗೆ ಪಾರ್ಕಿಂಗ್, ಅದರ ಮೇಲೆ ಮೂರು ಮಹಡಿ, ಒಟ್ಟು 12 ಮನೆ. ನಾನಿರೋದು ಕೊನೇ ಮಹಡಿ. ಬೇಸಿಗೆಯಲ್ಲಿ ಕಾಯುತ್ತೆ ಅಂತ ಅಲ್ಲಿ ರೇಟು ಕಡಿಮೆ ಇತ್ತು, ಗುಮಾಸ್ತನ ಸಂಬಳಕ್ಕೆ ಬ್ಯಾಂಕು ಕೊಟ್ಟ ಸಾಲಕ್ಕೆ ಅದೇ ಸರಿಹೋಯ್ತು. ಈಗ ಎರಡು ವರ್ಷದಿಂದ ಮಳೆ ಬಂದರೆ ಹಾಲ್‌ನ ಮೂಲೆಯಲ್ಲಿ ಬಕೆಟ್ ಇಡ್ತೀವಿ. ಕನ್ನಡದಲ್ಲಿ ಬಂದ ಬಾಬಾಸಾಹೇಬರ ಸಂಪುಟಗಳನ್ನ ಆ ಗೋಡೆಗೇ ಜೋಡಿಸಿಟ್ಟಿದ್ದೆ. ಮೂರು ಸಂಪುಟ ನೆನೆದು ಹಪ್ಪಳ ಆದವು.

ಹಳೇ ಗಾರೆ ಕಿತ್ತು, ಬಿರುಕು ತುಂಬಿ, ವಾಟರ್‌ಪ್ರೂಫಿಂಗ್ ಮಾಡಿ, ಇಳಿಜಾರು ಕೊಟ್ಟು ಮತ್ತೆ ಗಾರೆ ಹಾಕೋಕೆ ಮೇಸ್ತ್ರಿ 4,80,000 ರೂಪಾಯಿ ಅಂದಾಜು ಕೊಟ್ಟಿದ್ದರು. ಸೆಕ್ರೆಟರಿ ಎರಡೇ ನಿಮಿಷದಲ್ಲಿ ಲೆಕ್ಕ ಮುಗಿಸಿದರು. "ಸೋರ್ತಿರೋದು ಮೇಲಿನ ನಾಲ್ಕು ಮನೆ. ನೀವೇ ತಲಾ 1,20,000 ಹಾಕ್ಕೊಳ್ಳಿ. ಅಸೋಸಿಯೇಷನ್ ಪರ್ಮಿಷನ್ ಕೊಡುತ್ತೆ." ಪರ್ಮಿಷನ್ ಅಂತೆ! ಮೊದಲ ಮಹಡಿಯವರೊಬ್ಬರು, "ನಾನು ಟೆರೇಸ್ ಹತ್ತಿ ಮೂರು ವರ್ಷ ಆಯ್ತು, ನಾನ್ಯಾಕೆ ಕೊಡ್ಲಿ?" ಅಂದರು. ಇನ್ನೊಬ್ಬರು ನನ್ನ ಕಡೆ ತಿರುಗಿ, "ನಿಮಗೇನ್ ಬಿಡಿ ಸಾರ್, ನಿಮ್ಮವರಿಗೆ ಎಲ್ಲದಕ್ಕೂ ಸರ್ಕಾರ ಸಬ್ಸಿಡಿ ಕೊಡುತ್ತಲ್ಲ" ಅಂದರು. ಸಭೆ ನಕ್ಕಿತು. ಪಕ್ಕದ ಮನೆಯ ನರ್ಸ್ ಸಿಸ್ಟರ್ ಮಾತ್ರ ತಲೆ ತಗ್ಗಿಸಿ ಕೂತಿದ್ದರು.

ಸಬ್ಸಿಡಿ! 20 ವರ್ಷದ ಸಾಲ, ಪಿಎಫ್ ಖಾಲಿ, ಹೆಂಡತಿಯ ಎರಡು ಬಳೆ. ಇದೇ ನನ್ನ ಸಬ್ಸಿಡಿ.

ಆ ತಾರಸಿ ಮೇಲೆ ಏನೇನಿದೆ ಹೇಳ್ತೀನಿ ಕೇಳಿ. 12 ಮನೆಗೂ ನೀರು ಕೊಡೋ ಟ್ಯಾಂಕು, ಲಿಫ್ಟಿನ ಮೋಟಾರ್ ರೂಮು, ಕೆಳಗಿನ ಎಂಟು ಮನೆಯವರ ಸೋಲಾರ್ ಹೀಟರ್‌ಗಳು. ಸಂಡಿಗೆ ಒಣಗೋದು ಅಲ್ಲೇ, ದೀಪಾವಳಿ ಪಟಾಕಿ ಹೊಡೆಯೋದೂ ಅಲ್ಲೇ. ಸೋಲಾರ್ ಸ್ಟ್ಯಾಂಡು ನಿಲ್ಲಿಸೋಕೆ ಗಾರೆಗೆ ಡ್ರಿಲ್ ಹೊಡೆದು ಬೋಲ್ಟ್ ಹಾಕಿದ್ದಾರಲ್ಲ, ಮೇಸ್ತ್ರಿ ಆ ಬೋಲ್ಟುಗಳ ಬುಡದಲ್ಲಿ ಕಟ್ಟಿದ ಪಾಚಿ ತೋರಿಸಿದರು. ನೀರು ಇಳೀತಿರೋದೇ ಅಲ್ಲಿಂದ. ತೂತು ಅವರದು, ಬಕೆಟ್ ನನ್ನದು!

ನಾನು ಗುಮಾಸ್ತ. ಭಾಷಣಕ್ಕಿಂತ ಕಡತ ಚೆನ್ನಾಗಿ ಗೊತ್ತು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಹಾಕಿ ನಮ್ಮ ಕಟ್ಟಡದ ಡೀಡ್ ಆಫ್ ಡಿಕ್ಲರೇಷನ್ ಕಾಪಿ ತೆಗೆಸಿದೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ ಮಾಡಿದ ಪತ್ರ ಅದು. ಆ ಕಾಯ್ದೆ ಅಡಿಪಾಯ, ಕಂಬ, ಮೆಟ್ಟಿಲ ಜೊತೆಗೆ ಚಾವಣಿಯನ್ನೂ ಎಲ್ಲರಿಗೂ ಸೇರಿದ ಭಾಗ ಅನ್ನುತ್ತೆ. ಅದರ ಖರ್ಚನ್ನ ಡಿಕ್ಲರೇಷನ್‌ನಲ್ಲಿ ಬರೆದ ಶೇಕಡಾವಾರು ಪಾಲಿನಂತೆ ಎಲ್ಲ ಮಾಲೀಕರೂ ಹೊರಬೇಕು. "ನಾನು ಬಳಸಲ್ಲ" ಅಂದ ಮಾತ್ರಕ್ಕೆ ಯಾರೂ ತಪ್ಪಿಸಿಕೊಳ್ಳೋ ಹಾಗಿಲ್ಲ, ಅದೂ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ 900 ಚದರಡಿಯ ಎಂಟು ಮನೆಗೆ ತಲಾ ಶೇ. 7.5, 1200 ಚದರಡಿಯ ನಾಲ್ಕಕ್ಕೆ ತಲಾ ಶೇ. 10. ಅಂದರೆ ನಾನು ಕೊಡಬೇಕಾದ್ದು 36,000. ಅವರು ಕೇಳ್ತಿರೋದು 1,20,000.

(ನಿಮ್ಮ ಕಟ್ಟಡ ಹೊಸದಾಗಿದ್ದರೆ ಬಿಲ್ಡರ್‌ನ ಬಿಡಬೇಡಿ. 2016ರ ರೇರಾ ಕಾಯ್ದೆಯಲ್ಲಿ ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಅವರೇ ಪುಕ್ಕಟೆ ಸರಿಮಾಡಿಕೊಡಬೇಕು. ನಮ್ಮದು ಹಳೇದು, ಆ ದಾರಿ ಇಲ್ಲ.)

ಹೋದ ವರ್ಷ ಪಾರ್ಕಿಂಗ್‌ಗೆ ನೀರು ನುಗ್ಗಿದಾಗ ಚರಂಡಿ ಕೆಲಸಕ್ಕೆ ನಾನೂ ಪಾಲು ಕೊಟ್ಟೆ. ನನಗೆ ಕಾರಿಲ್ಲ, ಇರೋದು ಹಳೇ ಸ್ಕೂಟರ್. ಆಗ "ಕಾರಿರೋರು ಮಾತ್ರ ಕೊಡಿ" ಅಂತ ಯಾವ ಮಹಾನುಭಾವರೂ ಅನ್ನಲಿಲ್ಲ. ಕೆಳಗಿನವರು ತಮಗೇನೂ ಆಗಲ್ಲ ಅಂದುಕೊಂಡಿದ್ದಾರೆ. ಮೋಲ್ಡಿನೊಳಗೆ ನೀರು ನಿಂತರೆ ಕಂಬಿ ತುಕ್ಕು ಹಿಡಿದು ಊದಿಕೊಳ್ಳುತ್ತೆ, ಕಾಂಕ್ರೀಟ್ ಸೀಳಿ ಉದುರುತ್ತೆ. ಆಮೇಲೆ ಕಟ್ಟಡ ಯಾರ ಮಹಡಿ ಯಾವುದು ಅಂತ ಕೇಳಲ್ಲ.

ನನಗೆ ನಿದ್ದೆ ಕೆಡಿಸಿದ್ದು ಮಾತ್ರ ದುಡ್ಡಲ್ಲ. ಅಂದಾಜು ಹಾಕೋ ಮುಂಚೆ ಗಾರೆ ಅಗೆದು ನೋಡೋಕೆ ಮೇಸ್ತ್ರಿ ರಾಯಚೂರು ಕಡೆಯ ಇಬ್ಬರು ಹುಡುಗರನ್ನ ಕರೆತಂದಿದ್ದರು. ಲಿಫ್ಟಿನ ಬಾಗಿಲಲ್ಲಿ "ಕೆಲಸದವರು ಬಳಸಬಾರದು" ಅಂತ ಚೀಟಿ. ಸಾಮಾನು ಹೊತ್ತು ಮೆಟ್ಟಿಲು ಹತ್ತಿದರು. ಟ್ಯಾಂಕಿನ ಪಕ್ಕದಲ್ಲೇ ಕೆಲಸ, ಆದರೆ ಆ ನಲ್ಲಿ ಮುಟ್ಟಬಾರದು ಅಂತ ಕೆಳಗಿಂದ ಫರ್ಮಾನು. ಅವರಿಗಂತಲೇ ಬೇರೆ ಪ್ಲಾಸ್ಟಿಕ್ ಮಗ್ಗು. ನಾನು "ನಲ್ಲಿ ತಿರುಗಿಸಪ್ಪ, ಕುಡಿ" ಅಂದರೆ ಆ ಹುಡುಗ "ಬ್ಯಾಡ್ರಿ ಅಣ್ಣಾರ, ಬೈತಾರ" ಅಂದ. ನಮ್ಮೂರ ಹೋಟ್ಲಿನ ಗೋಡೆಯಲ್ಲಿ ಸಿಕ್ಕಿಸಿರುತ್ತಿದ್ದ ಬೇರೆ ಲೋಟ ನೆನಪಾಯ್ತು. ಮಹಾಡ್‌ನ ಕೆರೆ ನೀರು ಮುಟ್ಟಿದ್ದು 1927ರಲ್ಲಿ. ಇಲ್ಲಿ ಟ್ಯಾಂಕು ನನ್ನ ತಲೆ ಮೇಲೇ ಇದೆ. ಇಬ್ಬರನ್ನೂ ಮನೆಗೆ ಕರೆದು ಊಟ ಹಾಕಿ ಕಳಿಸಿದೆ. ಅದಕ್ಕೂ ವಾಟ್ಸಾಪ್ ಗ್ರೂಪಿನಲ್ಲಿ "ಸೆಕ್ಯುರಿಟಿ ಸಮಸ್ಯೆ" ಅಂತ ಮೆಸೇಜ್ ಬಂತು.

ನಮ್ಮ ಸಂಘಟನೆಯ ಗೆಳೆಯರೊಬ್ಬರಿಗೆ ಹೇಳಿದೆ. "ಫ್ಲ್ಯಾಟಿನ ಗೋಳು ಎಂಥ ಹೋರಾಟ ಕಣ್ರೀ, ಮಧ್ಯಮ ವರ್ಗದ ತಂಟೆ" ಅಂದುಬಿಟ್ಟರು. ಒಪ್ಪಲ್ಲ ನಾನು. ಮೂಕನಾಯಕ ಶುರುವಾದ 1920ರಲ್ಲೇ ಬಾಬಾಸಾಹೇಬರು ಈ ಸಮಾಜವನ್ನ ಮೆಟ್ಟಿಲಿಲ್ಲದ ಬಹುಮಹಡಿ ಗೋಪುರಕ್ಕೆ ಹೋಲಿಸಿದ್ದರು. ನಮ್ಮ ಕಟ್ಟಡಕ್ಕೆ ಮೆಟ್ಟಿಲಿದೆ, ಲಿಫ್ಟೂ ಇದೆ, ಜಾತಿಯೂ ಮೇಲಕ್ಕೆ ಹತ್ತಿ ಬಂದಿದೆ. ಊರಲ್ಲಿ ಅದು ಪಂಚಾಯ್ತಿ ಕಟ್ಟೆ ಮೇಲೆ ಕೂರುತ್ತಿತ್ತು, ಇಲ್ಲಿ ಅಸೋಸಿಯೇಷನ್ನಿನ ನಡಾವಳಿ ಪುಸ್ತಕದಲ್ಲಿ ಕೂತಿದೆ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲೂ ಕೆಳಗಿನ ಮಹಡಿಯಲ್ಲಿರೋರು ಇದ್ದೀರಿ. ನಿಮ್ಮ ಕಟ್ಟಡದ ಲಿಫ್ಟಿನಲ್ಲಿ ಅಂಥ ಚೀಟಿ ಇದೆಯಾ, ನೋಡಿದ್ದೀರಾ?

ಬರೋ ಭಾನುವಾರ ಬೆಳಗ್ಗೆ 11 ಗಂಟೆಗೆ ಮತ್ತೆ ಸಭೆ. 36,000ದ ಚೆಕ್ ಬರೆದಿಟ್ಟಿದ್ದೀನಿ. ಒಳಗಿನ ಸೀಲಿಂಗ್ ಪೇಂಟು ನನ್ನ ಖರ್ಚು, ಅದನ್ನ ಯಾರನ್ನೂ ಕೇಳಲ್ಲ. ಡಿಕ್ಲರೇಷನ್‌ನ 12 ಜೆರಾಕ್ಸ್ ರೆಡಿ. ಕೆಲಸ ಶುರುವಾದರೆ ಹುಡುಗರಿಗೆ ಲಿಫ್ಟು, ನಲ್ಲಿ, ಶೌಚಾಲಯ ಮೂರೂ ಸಿಗಬೇಕು ಅಂತ ಬರೆದ ಪತ್ರವನ್ನೂ ಓದ್ತೀನಿ. ನಡಾವಳಿಯಲ್ಲಿ ದಾಖಲಾಗೋವರೆಗೂ ಏಳಲ್ಲ. ನರ್ಸ್ ಸಿಸ್ಟರ್ ತಾವೂ ಸಹಿ ಹಾಕ್ತೀನಿ ಅಂದಿದ್ದಾರೆ.

ಡಿಕ್ಲರೇಷನ್ ಕಾಪಿ ತೆಗೆಸೋದು ಗೊತ್ತಿಲ್ಲದೋರು ಇನ್‌ಬಾಕ್ಸ್‌ಗೆ ಬನ್ನಿ, ಅರ್ಜಿ ನಾನೇ ಬರೆದುಕೊಡ್ತೀನಿ. ಜೈ ಭೀಮ್.